ಉಬ್ಬೆಯ ಹಂಡೆಯಲ್ಲಿ ಕರಗಿದ ಚೀಲ

ಎಪ್ಪತ್ತರ ದಶಕದ ನಡುವಿನ ಒಂದು ವರ್ಷ, ಮುಂಗಾರು ಹಿಡಿಯುವ ಹೊತ್ತಿಗೆ, ಮಾಗಡಿ ರಸ್ತೆಯ ಎರಡೂ ಬದಿಯ ಬಡಾವಣೆಗಳಲ್ಲಿ ವಾಂತಿಭೇದಿ ಕಾಣಿಸಿಕೊಂಡಿತು. ರಾಜಾಜಿನಗರದ ನಮ್ಮ ಮನೆಯಲ್ಲಿ ಅಮ್ಮ ನಲ್ಲಿ ನೀರನ್ನು ಕುದಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಿ ಕೊಡುತ್ತಿದ್ದಳು. ಹೊರಗೆ ಏನೂ ಬಾಯಿಗೆ ಹಾಕಬೇಡ ಎಂದು ಬೆಳಿಗ್ಗೆ ಹೇಳಿ ಕಳಿಸಿದವಳು ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ ಅದನ್ನೇ ವಿಚಾರಿಸುತ್ತಿದ್ದಳು.

ನಾನು ಆಗಷ್ಟೇ ಬಿ.ಎಸ್ಸಿ. ಮುಗಿಸಿ, ಕಾಮಾಕ್ಷಿಪಾಳ್ಯದಲ್ಲಿದ್ದ ಚಿಕ್ಕಪ್ಪನ ಶೆಡ್ಡಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಅವರು ನನ್ನ ತಂದೆಯ ಕೊನೆಯ ತಮ್ಮ. ದೊಡ್ಡ ಕಾರ್ಖಾನೆಯ ಕೆಲಸ ಬಿಟ್ಟು ಪಾಲಿಥೀನ್ ಚೀಲ ಮಾಡುವ ಒಂದೇ ಒಂದು ಯಂತ್ರ ಹಾಕಿಕೊಂಡಿದ್ದರು. ಕಾಳಿನಂತೆ ಬರುತ್ತಿದ್ದ ಪ್ಲಾಸ್ಟಿಕ್ಕನ್ನು ಕಾಯಿಸಿ, ಗಾಳಿ ಊದಿ, ಬಲೂನಿನ ಹಾಗೆ ಮೇಲಕ್ಕೆಳೆದು, ಆರಿದ ಮೇಲೆ ಕತ್ತರಿಸಿ ಅಂಚು ಬೆಸೆಯುವುದು ಅಲ್ಲಿನ ಕೆಲಸ. ಬಣ್ಣ ಬೆರೆಸುವುದು, ಹಾಳೆಯ ದಪ್ಪ ನೋಡುವುದು ನನ್ನ ಪಾಲಿಗೆ ಬಂದಿತ್ತು. ಪಾಲಿಥೀನ್ ಚೀಲ ಆಗ ಯಾರಿಗೂ ಕಸವಾಗಿರಲಿಲ್ಲ. ಸೀರೆ ಅಂಗಡಿಯಲ್ಲಿ ಒಂದು ಸಿಕ್ಕರೆ ಹೆಂಗಸರು ಅದನ್ನು ಮಡಿಚಿ ಬೀರುವಿನಲ್ಲಿ ಇಟ್ಟುಕೊಳ್ಳುತ್ತಿದ್ದರು.

ಶೆಡ್ಡಿನ ಹಿಂದಿನ ವಠಾರದ ಕೊನೆಯಲ್ಲಿ ಬಟ್ಟೆ ಒಗೆಯುವ ಒಂದು ಸಂಸಾರವಿತ್ತು. ಗಂಡ, ಹೆಂಡತಿ, ಇನ್ನೂ ಸ್ಕೂಲಿಗೆ ಹಾಕದ ಒಬ್ಬ ಮಗಳು. ಆಕೆಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಬಸವೇಶ್ವರನಗರದ ಕಡೆ ಹೋಗುವ ದಾರಿಯಲ್ಲಿ ಒಬ್ಬ ಡಾಕ್ಟರಮ್ಮ ನಡೆಸುತ್ತಿದ್ದ ಸಣ್ಣ ನರ್ಸಿಂಗ್ ಹೋಮಿನ ಬಟ್ಟೆಗಳು ಇವರಿಗೇ ಬರುತ್ತಿದ್ದವು. ಗಂಡ ಹಾಸಿಗೆ ಬಟ್ಟೆಗಳನ್ನು ಗಂಟು ಕಟ್ಟಿ ಸೈಕಲ್ಲಿನ ಕ್ಯಾರಿಯರ್ ಮೇಲೆ ತರುತ್ತಿದ್ದ. ಅಕ್ಕ ಅಂಗಳದಲ್ಲಿ ಗಂಟು ಬಿಚ್ಚಿ, ಒಂದೊಂದನ್ನೇ ಒದರಿ, ಉಬ್ಬೆಗೆ ಹಾಕುತ್ತಿದ್ದಳು. ದೊಡ್ಡ ಹಂಡೆಯಲ್ಲಿ ಒಗೆಯುವ ಸೋಡಾ ಬೆರೆಸಿದ ನೀರನ್ನು ಮರಳಿಸಿ ಬಟ್ಟೆ ಬೇಯಿಸುವುದೇ ಉಬ್ಬೆ. ಹಾಗೆ ಬೆಂದ ಬಟ್ಟೆಯಲ್ಲಿ ರೋಗ ಉಳಿಯುವುದಿಲ್ಲ. ಅಪಾಯವಿದ್ದದ್ದು ಅದಕ್ಕೂ ಮುಂಚೆ, ಗಂಟು ಬಿಚ್ಚಿ ಕೈಯಲ್ಲಿ ಮುಟ್ಟುವಾಗ.

ಮೊದಲು ಮಲಗಿದವನು ಗಂಡ. ಬೆಳಿಗ್ಗೆ ಸೈಕಲ್ ತುಳಿದುಕೊಂಡು ಹೋದವನು ಮಧ್ಯಾಹ್ನದ ಹೊತ್ತಿಗೆ ಎದ್ದು ಕೂರಲಾರದಷ್ಟು ಬತ್ತಿಹೋಗಿದ್ದ. ಅದೇ ನರ್ಸಿಂಗ್ ಹೋಮಿನಲ್ಲಿ, ತಾನು ಯಾರ ಬಟ್ಟೆ ಹೊರುತ್ತಿದ್ದನೋ ಅವರ ಪಕ್ಕದ ಮಂಚದಲ್ಲೇ ಅವನನ್ನು ಮಲಗಿಸಿ ಡ್ರಿಪ್ ಹಾಕಿದರು. ಇನ್ನು ಆ ಬಟ್ಟೆ ಮುಟ್ಟುವುದಿಲ್ಲ ಎಂದು ಅಕ್ಕ ಡಾಕ್ಟರಮ್ಮನಿಗೆ ನೇರವಾಗಿ ಹೇಳಿದಳು. ಅಲ್ಲಿ ಮಂಚಗಳೆಲ್ಲ ತುಂಬಿ ವರಾಂಡದಲ್ಲೂ ರೋಗಿಗಳಿದ್ದರು. ಬಟ್ಟೆ ಒಗೆಯುವವರಿಲ್ಲದೆ ಹೋದರೆ ಬಾಗಿಲು ಹಾಕಬೇಕಾಗುತ್ತದೆ, ಬಟ್ಟೆಗೆ ಕೈ ತಾಗದ ಹಾಗೆ ಏನಾದರೂ ಮಾಡಿಕೊಡಿ ಎಂದು ಡಾಕ್ಟರಮ್ಮ ಚಿಕ್ಕಪ್ಪನ ಹತ್ತಿರ ಬಂದರು. ಚಿಕ್ಕಪ್ಪ ನೀಲಿ ಬಣ್ಣದ ದಪ್ಪ ಪಾಲಿಥೀನ್ ಚೀಲಗಳನ್ನು ಮಾಡಿಸಿಕೊಟ್ಟರು. ನರ್ಸುಗಳೇ ಬಟ್ಟೆ ತುಂಬಿ ಬಾಯಿ ಕಟ್ಟಿಕೊಡುವುದು, ಅಕ್ಕ ಚೀಲವನ್ನು ಹಂಡೆಯ ಮೇಲೆ ಬೋರಲು ಹಾಕಿ ಸುರಿಯುವುದು, ಆಮೇಲೆ ಚೀಲವನ್ನು ಬಿಸಾಡುವುದು. ಅಕ್ಕ ಒಪ್ಪಿಕೊಂಡಳು. ನಮಗೆಲ್ಲ ಸಮಾಧಾನವಾಯಿತು.

ಒಂದು ಮಧ್ಯಾಹ್ನ ಕರೆಂಟ್ ಹೋಗಿ ಯಂತ್ರ ನಿಂತಿತ್ತು. ಗಂಡ ಹೇಗಿದ್ದಾನೆ ಎಂದು ಕೇಳಲು ನಾನು ಹಿಂದಿನ ವಠಾರಕ್ಕೆ ಹೋದೆ. ಅಂಗಳದ ತಂತಿಯ ಮೇಲೆ ನಮ್ಮ ನೀಲಿ ಚೀಲಗಳು ಸಾಲಾಗಿ ಒಣಗುತ್ತಿದ್ದವು. ಜಗಲಿಯಲ್ಲಿ ಮಗು ಅಂಥದೇ ಒಂದು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಅದರೊಳಗೆ ಮೊಣಕೈವರೆಗೂ ಕೈ ಹಾಕಿ, ಕಡ್ಲೆಪುರಿ ತಿನ್ನುತ್ತಿತ್ತು.

"ಅಕ್ಕಾ, ಈ ಚೀಲ ಯಾವುದು?"

"ನಿಮ್ ಶೆಡ್ಡಿಂದೇ ಅಲ್ವಾಮ್ಮಾ. ಆಸ್ಪತ್ರೆ ಬಟ್ಟೆ ಬಂದಿದ್ದು. ಸೋಪ್ ಹಾಕಿ ಚೆನ್ನಾಗ್ ತೊಳ್ದಿದೀನಿ."

"ಬಿಸಾಕಿ ಅಂತ ಹೇಳಿದ್ವಲ್ಲಾ."

"ಇಂಥಾ ಗಟ್ಟಿ ಚೀಲಾನ ಬಿಸಾಕಕ್ಕೆ ಮನಸ್ಸು ಬರುತ್ತಾ? ಹರಿಯಲ್ಲ, ಒದ್ದೆ ಆಗಲ್ಲ, ಇಲಿ ಕಚ್ಚಿದ್ರೂ ತೂತಾಗಲ್ಲ ಅನ್ನೋ ಹಂಗಿದೆ. ಪಕ್ಕದ್ಮನೆಯವ್ರೂ ಕೇಳಿದ್ರು, ಎರಡು ಕೊಟ್ಟೆ."

ನಾನು ಮಗುವಿನ ಕೈಯಿಂದ ಚೀಲವನ್ನು ಕಿತ್ತುಕೊಂಡೆ. ಮಗು ಅಳಲಿಲ್ಲ, ಬಾಯಲ್ಲಿದ್ದ ಪುರಿಯನ್ನು ಹಾಗೇ ಇಟ್ಟುಕೊಂಡು ನನ್ನ ಮುಖ ನೋಡಿತು. ಅಕ್ಕನಿಗೆ ನಾನು ಬಿಡಿಸಿ ಹೇಳಬೇಕಾಗಲಿಲ್ಲ. ಆಕೆ ಎದ್ದು ತಂತಿಯ ಮೇಲಿದ್ದ ಚೀಲಗಳನ್ನೆಲ್ಲ ಎಳೆದು ಹಾಕಿ, ಪಕ್ಕದ ಮನೆಗೆ ಓಡಿದಳು. ಅಲ್ಲಿ ಒಂದು ಸಿಕ್ಕಿತು. ಇನ್ನೊಂದರಲ್ಲಿ ಯಾರೋ ನೆಂಟರು ರಾಗಿಹಿಟ್ಟು ತುಂಬಿಕೊಂಡು ಊರಿಗೆ ಹೋಗಿದ್ದರು. ಪುಣ್ಯಕ್ಕೆ ಅವರ ಕಡೆಯಿಂದ ಕೆಟ್ಟ ಸುದ್ದಿಯೇನೂ ಆಮೇಲೆ ಬರಲಿಲ್ಲ.

ಮಾರನೆಯ ದಿನವೆಲ್ಲ ಮಗು ಚೆನ್ನಾಗಿತ್ತು. ಅದರ ಮರುದಿನ ಬೆಳಿಗ್ಗೆ ನಾನು ಶೆಡ್ಡಿನ ಬಾಗಿಲು ತೆಗೆಯುತ್ತಿದ್ದಾಗ ಅಕ್ಕ ಮಗುವನ್ನು ಎತ್ತಿಕೊಂಡು ಬಂದು ನಿಂತಳು. ಮಗುವಿನ ಕಣ್ಣು ಒಳಕ್ಕೆ ಹೋಗಿತ್ತು. ಕೈಯ ಚರ್ಮವನ್ನು ಚಿವುಟಿದರೆ ಚಿವುಟಿದ ಹಾಗೇ ನಿಲ್ಲುತ್ತಿತ್ತು. ಚಿಕ್ಕಪ್ಪ ರಸ್ತೆಗೆ ಓಡಿ ಆಟೋ ನಿಲ್ಲಿಸಿದರು. ಒಬ್ಬ ಆಟೋದವನು ವಿಷಯ ಕೇಳಿ ಹತ್ತಿಸಿಕೊಳ್ಳಲಿಲ್ಲ. ಎರಡನೆಯವನಿಗೆ ಚಿಕ್ಕಪ್ಪ ಏನೂ ಹೇಳಲಿಲ್ಲ.

ನರ್ಸಿಂಗ್ ಹೋಮಿನಲ್ಲಿ ಮಗುವಿನ ಕೈಯಲ್ಲಿ ನರ ಸಿಗದೆ ಡಾಕ್ಟರಮ್ಮ ಕಾಲಿನಲ್ಲಿ ಹುಡುಕಿದರು. ಅಲ್ಲೂ ಎರಡು ಸಲ ತಪ್ಪಿತು. ಅಪ್ಪ ಪಕ್ಕದ ಮಂಚದಿಂದ ತಲೆಯೆತ್ತಿ ನೋಡುತ್ತಿದ್ದ. ಎದ್ದು ಬರಲು ಅವನಿಗೆ ಶಕ್ತಿಯಿರಲಿಲ್ಲ. ಡ್ರಿಪ್ ಹನಿಯತೊಡಗಿದ ಮೇಲೂ ಬಹಳ ಹೊತ್ತು ಮಗು ಕರೆದರೆ ಓಗೊಡಲಿಲ್ಲ. ಅಕ್ಕ ಗೋಡೆಗೆ ಒರಗಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ಮಧ್ಯಾಹ್ನ ದಾಟಿದ ಮೇಲೆ ಮಗು ನೀರು ಕೇಳಿತು.

"ಆ ಚೀಲದಿಂದ್ಲೇ ಬಂತಾ ಡಾಕ್ಟ್ರೇ?" ಎಂದು ನಾನು ಹೊರಗೆ ಕೇಳಿದೆ.

"ಹೇಳಕ್ಕಾಗಲ್ಲ. ಅಪ್ಪನ ಜೊತೆ ಒಂದೇ ಮನೇಲಿದ್ದ ಮಗು, ಒಂದೇ ನೀರು ಕುಡಿದಿರೋದು. ಆದ್ರೆ ಆ ಚೀಲ ಇನ್ನು ಬೇಡ. ನಾವು ಬಿಸಾಕಿ ಅಂತೀವಿ, ಯಾರೋ ಎತ್ಕೋತಾರೆ. ಅದು ಹಾಳಾಗೋ ವಸ್ತು ಅಲ್ವಲ್ಲ." ಕೈ ತೊಳೆಯುತ್ತಾ ಅವರೇ ಹೇಳಿದರು: "ವಿದೇಶದ ಕೆಲವು ಆಸ್ಪತ್ರೇಲಿ ನೀರಲ್ಲೇ ಕರಗಿಹೋಗೋ ಚೀಲ ಬಂದಿದೆಯಂತೆ. ಬಿಚ್ಚೋದೇ ಬೇಡ, ಹಾಗೇ ಒಗೆಯಕ್ಕೆ ಹಾಕೋದು. ನಮ್ಮಲ್ಲಿ ಎಲ್ಲಿ ಸಿಗುತ್ತೆ?"

ಮನೆಗೆ ನಡೆದು ಬರುವಾಗ ಅದೇ ಮಾತು ತಲೆಯಲ್ಲಿತ್ತು. ನನ್ನ ಜೊತೆ ಓದಿದವಳೊಬ್ಬಳು ಬಟ್ಟೆ ಗಿರಣಿಯ ಲ್ಯಾಬಿನಲ್ಲಿದ್ದಳು. ಮಗ್ಗಕ್ಕೆ ಹೋಗುವ ನೂಲಿಗೆ ಗಂಜಿಯ ಹಾಗೆ ಹಾಕುವ ಒಂದು ಬಿಳಿ ಪುಡಿಯನ್ನು ಅವಳು ಹಿಂದೊಮ್ಮೆ ತೋರಿಸಿದ್ದಳು. ಪಾಲಿವಿನೈಲ್ ಆಲ್ಕೋಹಾಲ್ ಎಂದು ಅದರ ಹೆಸರು. ಹೆಸರು ಪ್ಲಾಸ್ಟಿಕ್ಕಿನದು, ಗುಣ ಗೋಂದಿನದು. ಕುದಿಯುವ ನೀರಿನಲ್ಲಿ ಕದಡಿದರೆ ಕರಗುತ್ತದೆ, ತೆಳ್ಳಗೆ ಹರಡಿ ಒಣಗಿಸಿದರೆ ಗಾಜಿನಂಥ ಹಾಳೆಯಾಗುತ್ತದೆ. ಮರುದಿನವೇ ಅವಳ ಹತ್ತಿರ ಹೋಗಿ ಒಂದು ಡಬ್ಬಿಯಷ್ಟು ತಂದೆ.

ಚಿಕ್ಕಪ್ಪ ಶೆಡ್ಡಿನ ಮೂಲೆಯಲ್ಲಿ ನನಗೊಂದು ಸೀಮೆಎಣ್ಣೆ ಸ್ಟೌವನ್ನೂ ಹಳೆಯ ಕಿಟಕಿಯ ಗಾಜುಗಳನ್ನೂ ಹೊಂದಿಸಿಕೊಟ್ಟರು. ಬರೀ ಪುಡಿಯಿಂದ ಮಾಡಿದ ಹಾಳೆ ಮಡಿಚಿದರೆ ಬಿರಿಯುತ್ತಿತ್ತು. ಸ್ವಲ್ಪ ಗ್ಲಿಸರಿನ್ ಸೇರಿಸಿದ ಮೇಲೆ ಬಾಗತೊಡಗಿತು. ಗಾಜಿನ ಮೇಲೆ ಎರೆದು, ಧೂಳು ಬೀಳದ ಹಾಗೆ ಮುಚ್ಚಿ, ಒಣಗಿದ ಮೇಲೆ ಬ್ಲೇಡಿನಿಂದ ಅಂಚು ಬಿಡಿಸಿ ಎಳೆದರೆ ಹಾಳೆ ಸರ್ ಎಂದು ಏಳುತ್ತಿತ್ತು. ಎರಡು ಹಾಳೆಯ ಅಂಚಿಗೆ ನೀರು ಸವರಿ ಒತ್ತಿದರೆ ಚೀಲ. ಅದರೊಳಗೆ ಒಂದು ಟವಲ್ ಹಾಕಿ ಕುದಿಯುವ ನೀರಿಗೆ ಬಿಟ್ಟೆವು. ನೋಡುತ್ತಿದ್ದಂತೆಯೇ ಚೀಲ ಮೆತ್ತಗಾಗಿ, ಎಳೆ ಎಳೆಯಾಗಿ, ಇಲ್ಲವಾಯಿತು. ಚಿಕ್ಕಪ್ಪ ಕೋಲಿನಿಂದ ನೀರನ್ನು ಕದಡಿ ಹುಡುಕಿದರು.

"ಹೋಯ್ತಲ್ಲೇ," ಎಂದರು.

ಆ ಖುಷಿಯಲ್ಲಿ ಒಂದನ್ನು ಮಾತ್ರ ನಾವು ಪರೀಕ್ಷೆ ಮಾಡಲಿಲ್ಲ. ಆಸ್ಪತ್ರೆಯ ಬಟ್ಟೆ ಒಣಗಿರುವುದಿಲ್ಲ.

ನರ್ಸುಗಳು ತುಂಬಿಕೊಟ್ಟ ಮೊದಲ ಚೀಲವನ್ನು ಅಕ್ಕನೇ ಗಂಡನ ಸೈಕಲ್ಲಿನ ಮೇಲಿಟ್ಟು ತಳ್ಳಿಕೊಂಡು ಬಂದಳು. ನಾನು ಪಕ್ಕದಲ್ಲಿ ನಡೆಯುತ್ತಿದ್ದೆ. ತುಂತುರು ಹನಿ ಶುರುವಾಗಿತ್ತು. ಕಾಮಾಕ್ಷಿಪಾಳ್ಯದ ಬಸ್ ಸ್ಟಾಪಿನ ಹತ್ತಿರ ಬರುವಷ್ಟರಲ್ಲಿ ಚೀಲದ ತಳ ಲೋಳೆಯ ಹಾಗಾಗಿ ಜಾರಿತು. ನಾನು ಕೈ ಒಡ್ಡುವ ಮೊದಲೇ ಅದು ಉದ್ದಕ್ಕೆ ಸೀಳಿಕೊಂಡು, ಒಳಗಿದ್ದ ಬೆಡ್‌ಶೀಟುಗಳೆಲ್ಲ ರಸ್ತೆಗೆ ಬಿದ್ದವು. ವಾಸನೆ ಎದ್ದಿತು. ಬಸ್ಸಿಗೆ ಕಾಯುತ್ತಿದ್ದವರು ಹಿಂದೆ ಸರಿದರು.

"ಏನಮ್ಮಾ ಇದು?" ಎಂದು ಒಬ್ಬರು ಕೇಳಿದರು.

ಸುಳ್ಳು ಹೇಳಬಹುದಿತ್ತು. ಅಕ್ಕ ಹೇಳಲಿಲ್ಲ. "ಆಸ್ಪತ್ರೆ ಬಟ್ಟೆ ಸ್ವಾಮಿ. ಯಾರೂ ಹತ್ರ ಬರ್ಬೇಡಿ, ಮುಟ್ಬೇಡಿ," ಎಂದಳು.

ಮಾತು ಜನರಲ್ಲಿ ಹರಡಿತು. ಹತ್ತಿರದ ಕಾರ್ಖಾನೆಗಳಿಂದ ಊಟಕ್ಕೆ ಬಿಟ್ಟವರು, ಅಂಗಡಿಯವರು, ವಠಾರದ ಹೆಂಗಸರು ಎಲ್ಲ ಸುತ್ತ ನಿಂತರು. ಆ ವಾರ ಅದೇ ಬೀದಿಯಲ್ಲಿ ಒಬ್ಬ ಮುದುಕಿ ತೀರಿಕೊಂಡಿದ್ದಳು. ಆಕೆಯ ಮಗ ಮುಂದೆ ಬಂದ. ಅವನು ಕೂಗಾಡಲಿಲ್ಲ, ಅದಕ್ಕೇ ನನಗೆ ಹೆಚ್ಚು ಭಯವಾಯಿತು.

"ಇಲ್ಲೇ ಪಕ್ಕದಲ್ಲಿ ಬಾವಿ ಇದೆ. ಮಳೆ ಜೋರಾದ್ರೆ ಇದೆಲ್ಲಾ ಎಲ್ಲಿಗೆ ಹೋಗುತ್ತೆ ಗೊತ್ತಾ ನಿಮಗೆ?"

"ಎತ್ತಿಬಿಡ್ತೀನಣ್ಣಾ, ಒಂದು ಗಳಿಗೆ."

"ಎತ್ತಿ ಎಲ್ಲಿಗೆ ತಗೊಂಡ್ ಹೋಗ್ತೀಯ? ನಮ್ಮ ವಠಾರಕ್ಕೇನಾ?"

ಹಿಂದಿನಿಂದ ಯಾರೋ ಅಕ್ಕನ ಮನೆಯ ಸಾಮಾನು ಹೊರಗೆ ಹಾಕಿ ಎಂದರು. ಇನ್ನೊಬ್ಬ ಸೈಕಲ್ಲನ್ನು ಕಾಲಿನಿಂದ ತಳ್ಳಿದ, ಅದು ಬಟ್ಟೆಗಳ ಮೇಲೆಯೇ ಬಿತ್ತು. ಒಬ್ಬನ ಕೈಯಲ್ಲಿ ಕಲ್ಲಿತ್ತು. ಅಕ್ಕ ಬಟ್ಟೆಗಳ ಮುಂದೆ ಕೈ ಚಾಚಿ ನಿಂತಳು. ಅವರು ಹೊಡೆಯದಂತೆ ತಡೆಯಲು ಅಲ್ಲ, ಯಾರೂ ತುಳಿಯದಿರಲಿ ಎಂದು.

ಅಷ್ಟರಲ್ಲಿ ಸುದ್ದಿ ಮುಟ್ಟಿ ಚಿಕ್ಕಪ್ಪ ಬ್ಲೀಚಿಂಗ್ ಪೌಡರ್ ಡಬ್ಬವನ್ನೇ ಹೊತ್ತು ಬಂದರು. ಯಾರ ಜೊತೆಗೂ ವಾದ ಮಾಡದೆ ಬಟ್ಟೆಯ ಮೇಲೆ, ರಸ್ತೆಯ ಮೇಲೆ, ಚರಂಡಿಯವರೆಗೂ ಸುರಿದರು. ನಾವು ಮೂವರೂ ಬಿದಿರು ಕೋಲಿನಲ್ಲಿ ಬಟ್ಟೆಗಳನ್ನು ಎತ್ತಿ ತಗಡಿನ ಡ್ರಮ್ಮಿಗೆ ತುಂಬಿದೆವು. ಕ್ಲೋರಿನ್ ವಾಸನೆಗೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಎಲ್ಲ ಮುಗಿದ ಮೇಲೆ ಮುದುಕಿಯ ಮಗ ಚಿಕ್ಕಪ್ಪನಿಗೆ ಹೇಳಿದ: "ಸಾರ್, ಇನ್ನೊಂದ್ಸಲ ಹಿಂಗಾದ್ರೆ ಆ ಮನೆಯವ್ರು ಇಲ್ಲಿರಲ್ಲ. ನಿಮ್ಮ ಶೆಡ್ಡೂ ಇರಲ್ಲ." ಚಿಕ್ಕಪ್ಪ ತಲೆಯಾಡಿಸಿದರು. ಅವನು ಹೇಳಿದ್ದರಲ್ಲಿ ತಪ್ಪಿದೆ ಎಂದು ನನಗೂ ಅನ್ನಿಸಲಿಲ್ಲ.

ಮುಂದಿನ ದಿನಗಳು ಕೆಟ್ಟವು. ಬಿಸಿನೀರಿನಲ್ಲಿ ಕರಗಬೇಕು, ತಣ್ಣೀರಿನಲ್ಲಿ ಕರಗಬಾರದು. ಹಾಳೆ ದಪ್ಪ ಮಾಡಿ ನೋಡಿದೆ, ಸ್ವಲ್ಪ ತಡವಾಗಿ ಹರಿಯಿತು, ಅಷ್ಟೇ. ಎರಡು ಪದರ ಮಾಡಿದೆ, ಎರಡೂ ಹರಿದವು. ನೀರು ಸವರಿ ಅಂಟಿಸಿದ ಅಂಚು ಮೊದಲು ಬಿಡುತ್ತಿದ್ದುದರಿಂದ, ಪಾಲಿಥೀನಿನ ಹಾಗೆ ಶಾಖದಿಂದಲೇ ಬೆಸೆಯೋಣ ಎಂದು ಒಂದು ದಿನ ಅಕ್ಕನ ಇಸ್ತ್ರಿ ಪೆಟ್ಟಿಗೆಯನ್ನು ಕೆಂಡ ಹಾಕಿಸಿಕೊಂಡು ತಂದು ಅಂಚಿನ ಮೇಲೆ ಎಳೆದೆ. ಬೆಸುಗೆ ಸರಿಯಾಗಿ ಕೂರಲಿಲ್ಲ. ಬೇಸರದಿಂದ ಆ ತುಂಡನ್ನು ಬಕೆಟ್ಟಿನ ನೀರಿಗೆ ಎಸೆದು ಊಟಕ್ಕೆ ಕೂತೆ. ಊಟ ಮುಗಿಸಿ ಕೈ ತೊಳೆಯಲು ಹೋದಾಗ ನೋಡಿದರೆ ಹಾಳೆಯ ಉಳಿದ ಭಾಗ ಲೋಳೆಯಾಗಿತ್ತು, ಇಸ್ತ್ರಿ ಎಳೆದಿದ್ದ ಪಟ್ಟಿ ಮಾತ್ರ ಗಟ್ಟಿಯಾಗಿ ಉಳಿದಿತ್ತು. ಎರಡು ಕೈಯಲ್ಲಿ ಎಳೆದೆ. ಹರಿಯಲಿಲ್ಲ. ಅದನ್ನೇ ಕುದಿಯುವ ನೀರಿಗೆ ಹಾಕಿದೆ. ಮೆಲ್ಲಗೆ ಕರಗಿತು.

ಆಮೇಲೆ ಹಾಳೆಗಳನ್ನೆಲ್ಲ ಹಳೆಯ ಪಂಚೆಯ ಕೆಳಗಿಟ್ಟು ಇಸ್ತ್ರಿ ಮಾಡಿದೆವು. ಅಂಚನ್ನು ಮಡಿಚಿ ಹತ್ತಿ ದಾರದಲ್ಲಿ ಹೊಲಿದೆ. ಚೀಲಕ್ಕೆ ಒದ್ದೆ ಗೋಣಿತಾಟು ತುಂಬಿ ಒಂದು ಇಡೀ ದಿನ ಮಳೆಯಲ್ಲಿ ನೇತುಹಾಕಿದೆವು. ಊದಿಕೊಂಡಿತು, ಬಿಡಲಿಲ್ಲ.

ಎರಡನೆಯ ಸಲ ಅದೇ ರಸ್ತೆಯಲ್ಲಿ ಬರುವಾಗ ನನ್ನ ಕಣ್ಣು ಚೀಲದ ತಳದ ಮೇಲೆಯೇ ಇತ್ತು. ಮುದುಕಿಯ ಮಗ ಬಸ್ ಸ್ಟಾಪಿನಲ್ಲಿ ನಿಂತಿದ್ದ. ನಮ್ಮ ಹಿಂದೆಯೇ ವಠಾರದವರೆಗೂ ಬಂದ, ಅವನ ಜೊತೆ ಇನ್ನೂ ಕೆಲವರು. ಗೋಡೆಯ ಆಚೆಯಿಂದ ಹೆಂಗಸರು ಇಣುಕುತ್ತಿದ್ದರು. ಆಗಷ್ಟೇ ಅಪ್ಪನ ಜೊತೆ ಮನೆಗೆ ಬಂದಿದ್ದ ಮಗುವನ್ನು ಅಕ್ಕ ಅವನ ಬಳಿ ಒಳಗೆ ಕೂರಿಸಿ ಚಿಲಕ ಹಾಕಿದಳು. ಹಂಡೆಯಲ್ಲಿ ಉಬ್ಬೆಯ ನೀರು ಮರಳುತ್ತಿತ್ತು. ಚೀಲವನ್ನು ಹಾಗೇ ಅದರೊಳಕ್ಕೆ ಬಿಟ್ಟಳು.

ಚೀಲ ಕರಗಲಿಲ್ಲ. ಬಲೂನಿನ ಹಾಗೆ ಉಬ್ಬಿ ಮೇಲೆ ತೇಲಿತು. ಅಕ್ಕ ಕೋಲಿನಿಂದ ಒತ್ತಿ ಮುಳುಗಿಸಿದಳು, ಮತ್ತೆ ಎದ್ದಿತು. ಸೌದೆ ತಳ್ಳಿದಳು. ನೀರು ಉಕ್ಕಿ ಒಲೆಗೆ ಸುರಿದು ಚುಂಯ್ ಎಂದಿತು. ಚೀಲ ಇನ್ನಷ್ಟು ಗಟ್ಟಿಯಾದ ಹಾಗೆ ಕಂಡಿತು.

"ಚುಚ್ಚಿಬಿಡ್ತೀನಿ," ಎಂದು ಅಕ್ಕ ಕುಡುಗೋಲು ಎತ್ತಿಕೊಂಡಳು.

"ಬೇಡ ಅಕ್ಕಾ. ಹಾರಿದ್ರೆ ಮೈಮೇಲೆಲ್ಲಾ ಬೀಳುತ್ತೆ."

"ಮತ್ತೇನ್ ಮಾಡ್ಲಿ? ನೋಡ್ತಾ ನಿಂತಿದಾರೆ."

ಶೆಡ್ಡಿನಲ್ಲಿ ಅಷ್ಟು ಸಲ ಕರಗಿದ್ದು ಇಲ್ಲೇಕೆ ಕರಗುತ್ತಿಲ್ಲ ಎಂದು ನಾನು ಹಂಡೆಯನ್ನೇ ನೋಡುತ್ತಿದ್ದೆ. ಒಲೆಯ ಅಂಚಿನಲ್ಲಿ ಉಕ್ಕಿದ ನೀರು ಆರಿ ಬೆಳ್ಳಗೆ ಪೊರೆ ಕಟ್ಟಿತ್ತು.

"ಅಕ್ಕಾ, ಸೋಡಾ ಎಷ್ಟು ಹಾಕಿದೀರಿ?"

"ಕಾಯ್ಲೆ ಬಟ್ಟೆ ಅಂತ ಇವತ್ತು ಜಾಸ್ತೀನೇ ಸುರ್ದಿದೀನಿ."

ಕಾಲೇಜಿನಲ್ಲಿ ಸಾಬೂನು ಮಾಡಿಸಿದ್ದರು. ಪಾತ್ರೆಗೆ ಉಪ್ಪು ಸುರಿದ ಕೂಡಲೇ ಅಲ್ಲಿಯವರೆಗೆ ನೀರಿನಲ್ಲಿ ಬೆರೆತಿದ್ದ ಸಾಬೂನು ಬೇರೆಯಾಗಿ ಮೇಲೆ ಗಡ್ಡೆ ಕಟ್ಟಿತ್ತು. ಸೋಡಾ ತುಂಬಿದ ನೀರು ಚೀಲವನ್ನೂ ಹಾಗೆಯೇ ಕರಗಲು ಬಿಡದೆ ಹೊರಗಿಡುತ್ತಿರಬೇಕು. ಖಚಿತವಾಗಿ ಗೊತ್ತಿರಲಿಲ್ಲ. ಬೇರೆ ದಾರಿಯೂ ಇರಲಿಲ್ಲ.

"ಬರೀ ನೀರು ಬೇಕು. ಮರಳೋ ನೀರು."

ಅಕ್ಕ ಬಚ್ಚಲಿನ ಕಡೆ ನೋಡಿದಳು. ಸ್ನಾನಕ್ಕೆ ಇಟ್ಟಿದ್ದ ತಾಮ್ರದ ಹಂಡೆ, ಮನೆಯವರೆಲ್ಲ ಮೀಯುವ ನೀರು. ಒಂದು ಕ್ಷಣ ತಡೆದಳು. "ಇರ್ಲಿ, ಆಮೇಲೆ ಬೂದಿ ಹಾಕಿ ಉಜ್ಜಿ, ಖಾಲಿ ನೀರು ಮರಳಿಸ್ತೀನಿ," ಎಂದು ಅದರ ಕೆಳಗೆ ಉರಿ ಹೆಚ್ಚಿಸಿದಳು. ಆ ನೀರು ಮರಳುವವರೆಗೆ ನಾನು ಸೌದೆ ತಳ್ಳುತ್ತಿದ್ದೆ. ಆಮೇಲೆ ಚಿಕ್ಕಪ್ಪ ಒಂದು ಕೋಲು, ಅಕ್ಕ ಒಂದು ಕೋಲು ಹಿಡಿದು ಚೀಲವನ್ನು ಎತ್ತಿದರು. ಅದು ನಡುವೆ ಜೋತುಬಿದ್ದು ಆಡುತ್ತಿತ್ತು. ನಾನು ಬಾಗಿಲಿಗೆ ಅಡ್ಡವಾಗಿದ್ದ ಬಕೆಟ್ಟನ್ನು ಸರಿಸಿದೆ. ಬಚ್ಚಲಿನ ಹೊಸ್ತಿಲು ದಾಟುವಾಗ ಚಿಕ್ಕಪ್ಪನ ಕಾಲು ಜಾರಿತು, ಕೋಲು ಬಿಡಲಿಲ್ಲ.

ತಾಮ್ರದ ಹಂಡೆಯೊಳಗೆ ಚೀಲ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಅದರ ಒಂದು ಮೂಲೆ ಮಂಜಾಯಿತು. ಅಲ್ಲಿಂದ ಒಂದು ಬೆಡ್‌ಶೀಟಿನ ಅಂಚು ಹೊರಬಂದು ನೀರಿನಲ್ಲಿ ಬಿಚ್ಚಿಕೊಂಡಿತು. ಮತ್ತೊಂದು ಬಂತು. ಅಕ್ಕ ಕೋಲು ಹಾಕಿ ತಿರುವಿದಾಗ ಬರೀ ಬಟ್ಟೆ, ಹೊಲಿಗೆಯ ದಾರ. ಮುದುಕಿಯ ಮಗ ಬಚ್ಚಲಿನ ಬಾಗಿಲಿನವರೆಗೂ ಬಂದು ಬಗ್ಗಿ ನೋಡಿದ.

"ಚೀಲ ಎಲ್ಲಿ?"

"ಇಲ್ಲ," ಎಂದಳು ಅಕ್ಕ.

ಅವನು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದು ಹೊರಟುಹೋದ. ಆಮೇಲೆ ನಮ್ಮನ್ನು ಯಾರೂ ತಡೆಯಲಿಲ್ಲ. ಮೊದಲು ಬರೀ ನೀರು, ಚೀಲ ಹೋದ ಮೇಲೆ ಸೋಡಾ ಎಂದು ಪದ್ಧತಿಯಾಯಿತು. ಮೊದಮೊದಲು ಬೆಡ್‌ಶೀಟುಗಳು ಕಾಗದದ ಹಾಗೆ ಬಿರುಸಾಗಿ ಬರುತ್ತಿದ್ದವು. ರೋಗಿಗಳ ಬಟ್ಟೆಗೆ ಯಾರು ಗಂಜಿ ಹಾಕುತ್ತಿರುವುದು ಎಂದು ಡಾಕ್ಟರಮ್ಮ ಹೇಳಿಕಳಿಸಿದರು. ಅಕ್ಕ ಇನ್ನೊಂದು ಸಲ ಬಿಸಿನೀರಿನಲ್ಲಿ ಜಾಲಿಸತೊಡಗಿದಳು.

ಚಿಕ್ಕಪ್ಪನಿಗೆ ಆಸೆ ಹತ್ತಿತು. ಪಾಲಿಥೀನೇ ಬಿಟ್ಟು ಅಂಗಡಿಗಳಿಗೂ ಇದನ್ನೇ ಮಾಡೋಣ ಎಂದರು. ಮರಗೆಣಸಿನ ಹಿಟ್ಟಿನ ಗಂಜಿ ಬೆರೆಸಿ ಕೆಲವು ಚೀಲ ಮಾಡಿ ವಿಜಯನಗರದ ಒಂದು ದಿನಸಿ ಅಂಗಡಿಗೆ ಕೊಟ್ಟೆವು. ಮಳೆಗಾಲದ ಥಂಡಿಗೆ ಸಕ್ಕರೆ ಚೀಲಕ್ಕೆ ಅಂಟಿತು, ಬೇಳೆಯ ಚೀಲಕ್ಕೆ ಬೂಷ್ಟು ಹಿಡಿಯಿತು. ಅಂಗಡಿಯವರು ನಗುತ್ತಲೇ ವಾಪಸು ಕೊಟ್ಟರು. ಆ ವಾಪಸು ಬಂದದ್ದರಲ್ಲಿ ಒಂದನ್ನೂ, ಪಕ್ಕದಲ್ಲೇ ನಮ್ಮ ನೀಲಿ ಪಾಲಿಥೀನಿನ ಒಂದು ತುಂಡನ್ನೂ ನಾನು ಶೆಡ್ಡಿನ ಹಿಂದಿನ ಗೊಬ್ಬರದ ಗುಂಡಿಯಲ್ಲಿ ಹೂತಿಟ್ಟೆ. ಕರಗುವುದು ಬೇರೆ, ಮಣ್ಣಾಗುವುದು ಬೇರೆ. ಎರಡನೆಯದು ಆಗುತ್ತದೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಚಳಿಗಾಲ ಕಳೆದು ತೆಗೆದಾಗ ಗಂಜಿ ಬೆರೆಸಿದ ಚೀಲ ಕಪ್ಪಾಗಿ, ತೂತು ತೂತಾಗಿ, ಬೆರಳಲ್ಲಿ ಹಿಸುಕಿದರೆ ಪುಡಿಯಾಗುತ್ತಿತ್ತು. ಪಾಲಿಥೀನನ್ನು ಚಿಕ್ಕಪ್ಪ ಬಾವಿಯ ನೀರಲ್ಲಿ ತೊಳೆದರು. ಬಣ್ಣ ಕೂಡ ಮಾಸಿರಲಿಲ್ಲ.

"ಇದನ್ನ ಏನ್ಮಾಡೋದು ಹೇಳು," ಎಂದು ಅದನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದರು. ಮಾರನೆಯ ಬೆಳಿಗ್ಗೆ ಯಂತ್ರ ಎಂದಿನಂತೆ ಶುರುವಾಯಿತು, ಎಂದಿನಂತೆ ಪಾಲಿಥೀನ್ ಬಲೂನು ಮೇಲಕ್ಕೆದ್ದಿತು. ಶೆಡ್ಡಿನ ಬಾಡಿಗೆ ಕಟ್ಟುತ್ತಿದ್ದದ್ದು ಅದೇ.

ಕರಗುವ ಚೀಲಗಳನ್ನು ಮಾತ್ರ ನಾವು ಬಿಡಲಿಲ್ಲ. ನಾನು ಮದುವೆಯಾಗಿ ಕೆಂಗೇರಿಗೆ ಹೋಗುವವರೆಗೂ ನರ್ಸಿಂಗ್ ಹೋಮಿಗೆ ಬೇಕಾದಷ್ಟನ್ನು ಗಾಜಿನ ಮೇಲೆ ಎರೆದುಕೊಡುತ್ತಿದ್ದೆ. ಆಮೇಲೆ ಅಕ್ಕ ಮತ್ತು ಆಕೆಯ ಗಂಡ ಕಲಿತುಕೊಂಡು ಮಾಡಿದರು. ಡಾಕ್ಟರಮ್ಮ ಸ್ವಂತಕ್ಕೆ ಬಾಯ್ಲರ್ ಹಾಕಿಸಿದಾಗ ಅದು ನಿಂತಿತು. ಅಷ್ಟು ವರ್ಷಗಳಲ್ಲಿ ಆ ಮನೆಯವರಾರೂ ಮತ್ತೆ ಆ ನರ್ಸಿಂಗ್ ಹೋಮಿನ ಮಂಚದ ಮೇಲೆ ಮಲಗಲಿಲ್ಲ. ಮಗುವನ್ನು ಆ ಮಳೆಗಾಲದ ಮರುವರ್ಷ ಜೂನ್‌ನಲ್ಲೇ ಸ್ಕೂಲಿಗೆ ಸೇರಿಸಿದರು.